ಗೊಗ್ಗರು ದನಿಯ ಹುಡುಗಿ

ಬಾನುಲಿಯ ಮುಂದೆ ಕುಳಿತವರಿಗೆ ನಟರ ಮುಖ ಕಾಣುವುದಿಲ್ಲ. ಕಂಠವೇ ಮುಖ, ಕಂಠವೇ ವೇಷ. ಹಾಗಿರುವಾಗ ಇಂಪಾದ ಕಂಠವಿಲ್ಲದವರು ಈ ದಾರಿಗೆ ಬರಬಾರದೆಂದು ಯಾರಾದರೂ ಹೇಳಿದರೆ, ಕೂಡಲೆ ಹೌದೆನ್ನಬೇಕೆನಿಸುತ್ತದೆ. ಆದರೆ ಜಪಾನಿನ ಮಕ್ಕಳು ಇಪ್ಪತ್ತಾರು ವರ್ಷ ಒಲಿದು ಕೇಳಿದ ದನಿಯೊಂದುಂಟು. ಸಹಪಾಠಿಗಳು ಒಂದು ಕಾಲದಲ್ಲಿ ಹಂಗಿಸಿ ನಕ್ಕದ್ದೂ ಅದೇ ದನಿಯನ್ನು. ಅದು ಒಯಾಮಾ ನೊಬುಯೊ ಅವರದು. ಜಪಾನೀಯರು ಮನೆತನದ ಹೆಸರನ್ನು ಮೊದಲು ಹೇಳುವುದರಿಂದ ಈ ಕ್ರಮ.

ಆಕೆ ಹುಟ್ಟಿದ್ದು 1933ರಲ್ಲಿ, ಟೋಕಿಯೋ ನಗರದ ಶಿಬುಯಾದಲ್ಲಿ. ಹುಡುಗಿಯ ದನಿ ಗೊಗ್ಗರು. ಶಾಲೆಯಲ್ಲಿ ಬಾಯಿ ತೆರೆದರೆ ನಗೆ. ಆಕೆ ಮಾತನ್ನೇ ಕಡಮೆ ಮಾಡಿದಳು. ತಾಯಿ ಇದನ್ನು ಗಮನಿಸಿದರು. ದುರ್ಬಲವಾದುದೆಂದು ಬಚ್ಚಿಟ್ಟರೆ ಅದು ಮತ್ತಷ್ಟು ದುರ್ಬಲವಾಗುತ್ತದೆ, ದನಿ ಚೆನ್ನಾಗಿಲ್ಲವೆಂದು ಸುಮ್ಮನಿದ್ದರೆ ಕಡೆಗೆ ದನಿಯೇ ಹೊರಡದು, ಆದ್ದರಿಂದ ದನಿಗೆ ಕೆಲಸ ಕೊಡುವಂಥದನ್ನೇ ಹುಡುಕಿಕೊ ಎಂಬುದು ಅವರ ಬುದ್ಧಿವಾದದ ಸಾರ. ಮಗಳು ಶಾಲೆಯ ಪ್ರಸಾರ ಸಂಘವನ್ನು ಸೇರಿದಳು. ನಗೆಗೆ ಹೆದರಿದ ಮಗುವನ್ನು ಮೈಕಿನ ಮುಂದಕ್ಕೇ ಕಳುಹಿದ ಆ ತಾಯಿಯ ಎದೆಗಾರಿಕೆಯನ್ನು ಮೆಚ್ಚಬೇಕು. ನಾವಾಗಿದ್ದರೆ ಬಹುಶಃ ಮಗುವನ್ನು ಮನೆಯೊಳಕ್ಕೆ ಕರೆದುಕೊಳ್ಳುತ್ತಿದ್ದೆವು.

ಜಪಾನಿನಲ್ಲಿ ಬಾನುಲಿ ಪ್ರಸಾರ ಮೊದಲಾದದ್ದು 1925ರಲ್ಲಿ. ಕಂಠದಿಂದಲೇ ನಟಿಸುವ ‘ಸೇಯೂ’ ಎಂಬ ಕಲಾವಿದರ ವರ್ಗಕ್ಕೆ ರೇಡಿಯೊ ನಾಟಕವೇ ತೊಟ್ಟಿಲು. 1953ರಲ್ಲಿ ಟೆಲಿವಿಷನ್ ಬಂತು. ಅಮೆರಿಕದ ಕಥಾಮಾಲಿಕೆಗಳು ಬಂದವು. ಅವಕ್ಕೆ ಜಪಾನೀ ಮಾತು ಕೂಡಿಸುವವರು ಬೇಕಾದರು. ಹೈಯೂಜಾ ನಾಟಕ ಸಂಸ್ಥೆಯ ತರಬೇತಿ ಶಾಲೆಯಲ್ಲಿ ಕಲಿತ ಒಯಾಮಾ 1956ರಲ್ಲಿ ಎನ್.ಎಚ್.ಕೆ.ಯ ನಾಟಕವೊಂದರಲ್ಲಿ ನಟಿಸಿದರು. ಮರುವರ್ಷ, ಲ್ಯಾಸಿ ಎಂಬ ನಾಯಿಯ ಕಥಾಮಾಲಿಕೆಗೆ ದನಿ ಕೊಟ್ಟರು. 1960ರಲ್ಲಿ ಆರಂಭವಾದ ‘ಬೂ ಫೂ ವೂ’ ಎಂಬ ಬೊಂಬೆಯಾಟದಲ್ಲಿ ಮೂರು ಹಂದಿಮರಿಗಳ ಪೈಕಿ ಹಿರಿಯನಾದ ಬೂ ಆಕೆಯ ಪಾತ್ರ. ತುಂಟ ಹುಡುಗರ ಪಾತ್ರಕ್ಕೆ ಆ ಗೊಗ್ಗರು ದನಿ ಹೇಳಿ ಮಾಡಿಸಿದಂತಿತ್ತು.

1979ರ ಏಪ್ರಿಲ್‌ನಲ್ಲಿ ಡೊರೆಮಾನ್ ಬಂದ. ಇಪ್ಪತ್ತೆರಡನೆಯ ಶತಮಾನದಿಂದ ಇಳಿದು ಬಂದ, ಕಿವಿಯಿಲ್ಲದ ನೀಲಿ ಯಂತ್ರಬೆಕ್ಕು. ಓದಿನಲ್ಲಿಯೂ ಆಟದಲ್ಲಿಯೂ ಹಿಂದೆ ಬಿದ್ದ ನೊಬಿತಾ ಎಂಬ ಹುಡುಗನನ್ನು ಸಂಭಾಳಿಸುವುದು ಅವನ ಕೆಲಸ. ಫುಜಿಕೊ ಎಫ್. ಫುಜಿಯೊ ಅವರ ಈ ಚಿತ್ರಕಥೆಯನ್ನು 1973ರಲ್ಲಿ ಬೇರೆ ದನಿಗಳೊಡನೆ ಒಮ್ಮೆ ತೆರೆಗೆ ತಂದಿದ್ದರು. ಅದು ವರ್ಷ ತುಂಬುವ ಮೊದಲೇ ನಿಂತುಹೋಗಿತ್ತು. ಒಯಾಮಾ ಪಾತ್ರದ ಸ್ವಭಾವವನ್ನೇ ಕುರಿತು ಆಲೋಚಿಸಿದರು. ಮಗುವನ್ನು ನೋಡಿಕೊಳ್ಳಲು ಮಾಡಿದ ಯಂತ್ರಕ್ಕೆ ಕೆಟ್ಟ ಮಾತನ್ನು ಯಾರು ಕಲಿಸಿಯಾರು? ಆದ್ದರಿಂದ ಒರಟು ಮಾತುಗಳನ್ನು ಆಕೆ ಮೆದುಗೊಳಿಸಿದರು. ತನ್ನ ಹೆಸರು ಹೇಳಿ ವಿನಯದಿಂದ ಪರಿಚಯ ಮಾಡಿಕೊಳ್ಳುವ ಬೆಕ್ಕನ್ನು ರೂಪಿಸಿದರು. ಆ ದನಿ ಕೇಳಿದ ಮೇಲೆ, ಡೊರೆಮಾನ್ ಹೀಗೆ ಮಾತನಾಡುತ್ತಾನೆಂದು ತನಗೇ ಈಗ ತಿಳಿಯಿತೆಂಬರ್ಥದ ಮಾತನ್ನು ಮೂಲ ಲೇಖಕರೇ ಆಡಿದರಂತೆ. ನಟಿಗೆ ಇದಕ್ಕಿಂತ ಬೇರೆ ಬಿರುದು ಬೇಕೆ?

2005ರ ಮಾರ್ಚಿಯವರೆಗೆ ಆಕೆಯೇ ಡೊರೆಮಾನ್. ದೊಡ್ಡ ತೆರೆಗೆ 25 ಚಿತ್ರಗಳು. ಮಕ್ಕಳ ಕಲ್ಪನೆ ಒಡೆಯಬಾರದೆಂದು ಉಳಿದ ಅನಿಮೇಷನ್ ಪಾತ್ರಗಳನ್ನು ಬಹುಮಟ್ಟಿಗೆ ಬಿಟ್ಟರು. ನಮ್ಮ ಮಕ್ಕಳು ಹಿಂದಿಯಲ್ಲಿ ಕೇಳಿ ಬೆಳೆದ ಡೊರೆಮಾನ್ ಬೇರೆಯವರ ದನಿ. ಈ ನಟಿಯ ಹೆಸರು ಇಲ್ಲಿ ಅಪರಿಚಿತವಾಗಿ ಉಳಿಯಲು ಅದೂ ಒಂದು ಕಾರಣ. 2001ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. 2005ರಲ್ಲಿ ಮುಖ್ಯ ಪಾತ್ರಧಾರಿಗಳೈವರೂ ಒಟ್ಟಿಗೆ ಹೊಸಬರಿಗೆ ಜಾಗ ಬಿಟ್ಟುಕೊಟ್ಟರು. ಡೊರೆಮಾನ್ ಪಾತ್ರ ಮಿಜುತಾ ವಾಸಾಬಿ ಅವರಿಗೆ ಬಂತು.

ಆಮೇಲೆ ನಡೆದದ್ದು ವಿಚಿತ್ರ. 2010ರಲ್ಲಿ ‘ಡಂಗನ್ರೊನ್ಪಾ’ ಎಂಬ ವಿಡಿಯೊ ಆಟದಲ್ಲಿ ಮೊನೊಕುಮಾ ಎಂಬ ಕರಡಿಗೆ ಆಕೆ ದನಿಯಾದರು. ಅರ್ಧ ಮೈ ಬಿಳುಪು, ಅರ್ಧ ಕಪ್ಪು. ತನ್ನ ಶಾಲೆಯ ವಿದ್ಯಾರ್ಥಿಗಳನ್ನು ಪರಸ್ಪರ ಕೊಲ್ಲಲು ಹಚ್ಚುವ ಮುಖ್ಯೋಪಾಧ್ಯಾಯ! ಬಾಲ್ಯದಲ್ಲಿ ಸಾಂತ್ವನ ಹೇಳಿದ ದನಿಯೇ ಹೀಗೆ ನಕ್ಕಾಗ, ಬೆಳೆದ ಆ ಮಕ್ಕಳಿಗೆ ಮೈ ನಡುಗಿರಬೇಕು. ಆಕೆ ಸ್ವತಃ ‘ಅರ್ಕನಾಯ್ಡ್’ ಎಂಬ ಚೆಂಡು-ಇಟ್ಟಿಗೆ ಆಟದಲ್ಲಿ ಪಳಗಿದ ಕೈ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಆ ವೇಳೆಗಾಗಲೆ ಮಿದುಳಿಗೆ ಪೆಟ್ಟು ಬಿದ್ದಿತ್ತು: 2008ರಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಬರಬರುತ್ತ ನೆನಪು ಅಳಿಯಿತು. 1964ರಲ್ಲಿ ಆಕೆಯನ್ನು ಕೈಹಿಡಿದ ನಟ ಸಾಗಾವಾ ಕೇಯ್‌ಸುಕೆ, ಮರೆವಿನ ರೋಗದ ಸಂಗತಿಯನ್ನು 2015ರಲ್ಲಿ ಬಹಿರಂಗಪಡಿಸಿ, ಪತ್ನಿಯ ಆರೈಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ಕರಡಿಯ ಪಾತ್ರ ತಾರಾಕೊ ಎಂಬ ನಟಿಗೆ ಹೋಯಿತು. ಆರೈಕೆ ಮಾಡುತ್ತಿದ್ದ ಪತಿಯೇ 2017ರಲ್ಲಿ ಮೊದಲು ತೀರಿಕೊಂಡರು. ಒಯಾಮಾ ಅವರು ಇನ್ನೂ ಏಳು ವರ್ಷ ಬದುಕಿ, 2024ರ ಸೆಪ್ಟೆಂಬರ್ 29ರಂದು ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.