ಮೌಂಟ್ ವರ್ನನ್: ಧಾನ್ಯ ಮತ್ತು ಮೇವಿನ ವ್ಯವಸ್ಥೆ

ಅಮೆರಿಕದ ವರ್ಜೀನಿಯದಲ್ಲಿ, ಪೊಟೋಮ್ಯಾಕ್ ನದಿಯ ದಡದಲ್ಲಿರುವ ಮೌಂಟ್ ವರ್ನನ್ ಜಾರ್ಜ್ ವಾಷಿಂಗ್ಟನ್ನನ ಭೂಸ್ವತ್ತಾಗಿದ್ದಿತು. ಹೊಗೆಸೊಪ್ಪಿನ ಎಡೆಬಿಡದ ಬೇಸಾಯದಿಂದ ನೆಲ ಸತ್ತ್ವಹೀನವಾಗಿ, ಲಂಡನ್ನಿನ ವರ್ತಕರಲ್ಲಿ ಮಾಡಿದ ಸಾಲವೂ ಬೆಳೆಯುತ್ತ ಬಂದುದರಿಂದ, 1760ರ ದಶಕದ ಮಧ್ಯಭಾಗದಲ್ಲಿ ಈತ ಹೊಗೆಸೊಪ್ಪನ್ನು ತೊರೆದು ಗೋಧಿಯನ್ನು ಮುಖ್ಯ ಬೆಳೆಯಾಗಿ ಕೈಕೊಂಡ. 1771ರ ವೇಳೆಗೆ ಸಿದ್ಧವಾದ ದೊಡ್ಡ ನೀರುಗಿರಣಿಯ ಹಿಟ್ಟು ವೆಸ್ಟ್ ಇಂಡೀಸ್ ದ್ವೀಪಗಳಿಗೂ ರಫ್ತಾಗುತ್ತಿದ್ದಿತು.

ಮೇವಿನ ಸಮಸ್ಯೆ ಧಾನ್ಯದ್ದಕ್ಕಿಂತ ಜಟಿಲ. ಗೋಧಿಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆಯ ದನ ಬೇಕು, ದನಕ್ಕೆ ಚಳಿಗಾಲದುದ್ದಕ್ಕೂ ಒಣಹುಲ್ಲು ಬೇಕು. ದನವನ್ನು ಕಾಡಿಗೆ ಅಟ್ಟಿ ನಿಶ್ಚಿಂತರಾಗಿರುತ್ತಿದ್ದ ಆ ಸೀಮೆಯ ಭೂಮಾಲೀಕರಲ್ಲಿ ಈ ಸರಪಣಿಯನ್ನು ಮನಗಂಡವರು ವಿರಳ. ಇಂಗ್ಲೆಂಡಿನ ಕೃಷಿಲೇಖಕ ಆರ್ಥರ್ ಯಂಗನೊಡನೆ 1786ರಿಂದ ಪತ್ರವ್ಯವಹಾರ ನಡೆಸಿದ ವಾಷಿಂಗ್ಟನ್, ಜೌಗುನೆಲದ ನೀರನ್ನು ಬಸಿದು ತಿಮೊಥಿ ಹುಲ್ಲುಗಾವಲನ್ನು ಎಬ್ಬಿಸಿ, ಕ್ಲೋವರ್, ಲೂಸರ್ನ್ ಎಂಬ ಮೇವಿನ ಬೆಳೆಗಳನ್ನು ಬೆಳೆಯ ಸರದಿಯೊಳಗೆ ತರಲೆಳಸಿದ.

ಒಕ್ಕಣೆ ಬಯಲಿನಲ್ಲಿಯೇ ನಡೆಯುತ್ತಿದ್ದಿತು. ನಮ್ಮ ಕಣಗಳಲ್ಲಿ ಮೇಟಿಯ ಸುತ್ತ ಎತ್ತುಗಳು ತುಳಿಯುವಂತೆ ಅಲ್ಲಿ ಕುದುರೆಗಳು ತೆನೆಯನ್ನು ತುಳಿಯುತ್ತಿದ್ದುವು. ಮಳೆ, ಮಣ್ಣು, ಲದ್ದಿಗಳಿಂದ ಕಾಳು ಕೆಡುತ್ತಿದ್ದುದಲ್ಲದೆ, ಕಳವಿನ ಶಂಕೆಯೂ ಒಡೆಯನನ್ನು ಕಾಡುತ್ತಿದ್ದಿತು. ಇದಕ್ಕೆ ಪರಿಹಾರವಾಗಿ 1792ರಲ್ಲಿ ಈತ ತಾನೇ ನಕ್ಷೆ ಬರೆದು, ಡೋಗ್ ರನ್ ಎಂಬಲ್ಲಿ ಹದಿನಾರು ಮುಖಗಳ ಎರಡಂತಸ್ತಿನ ಒಕ್ಕಣೆಮನೆಯನ್ನು ಕಟ್ಟಿಸಿದ. ಮೇಲಂತಸ್ತಿನಲ್ಲಿ ಕುದುರೆಗಳು ದುಂಡಾಗಿ ಓಡುವಾಗ, ಹಲಗೆಗಳ ನಡುವೆ ಬಿಟ್ಟ ಸುಮಾರು ಒಂದೂವರೆ ಅಂಗುಲದ ಸಂದಿನಿಂದ ಕಾಳು ಕೆಳಗಣ ಕಣಜಕ್ಕೆ ಉದುರುತ್ತಿದ್ದಿತು, ಹುಲ್ಲು ಮೇಲೆಯೇ ನಿಲ್ಲುತ್ತಿದ್ದಿತು. ಯೋಜನೆ ಚತುರವಾದುದು, ಆದರೆ ರೂಢಿ ಅಷ್ಟು ಸುಲಭವಾಗಿ ಮಣಿಯಲಿಲ್ಲ. ಯೂನಿಯನ್ ಕ್ಷೇತ್ರದಲ್ಲಿ ಯಂಗನ ಮಾದರಿಯಿಂದ ಕಟ್ಟಿಸಿದ್ದ ಹಿಂದಿನ ಕಟ್ಟಡದ ಬಾಗಿಲ ಮುಂದೆಯೇ ಬಯಲುಕಣ ಹೂಡಿದ್ದುದನ್ನು ಕಂಡು ಈತ ಪತ್ರವೊಂದರಲ್ಲಿ ಖೇದಗೊಂಡಿದ್ದಾನೆ.

ಗೋಧಿಯನ್ನು ಕೆಡಿಸುವ ಹೆಸ್ಸಿಯನ್ ನೊಣದ ಬಾಧೆ, ಬರಗಳು ಈ ಪ್ರಯೋಗಗಳನ್ನು ಆಗಾಗ ಕೆಡಿಸಿದುವು. ಅಧ್ಯಕ್ಷಪದವಿಯ ಕಾಲದಲ್ಲಿ ದೂರದಲ್ಲಿದ್ದ ಈತನಿಗೆ ವಾರವಾರವೂ ವರದಿಗಳು ಬರುತ್ತಿದ್ದುವು. ಹವೆ, ದನಕರು, ಧಾನ್ಯಗಳ ಜತೆಯಲ್ಲೇ ದುಡಿದವರ ದಿನಗಳ ಲೆಕ್ಕವೂ ಅವುಗಳಲ್ಲಿ ದಾಖಲಾಗುತ್ತಿದ್ದಿತು. ಗೋಧಿಯನ್ನು ಕೊಯ್ದವರು, ಹುಲ್ಲನ್ನು ಒಟ್ಟಿದವರು, ಆ ಒಕ್ಕಣೆಮನೆಯನ್ನು ಎತ್ತಿ ನಿಲ್ಲಿಸಿದವರು ಬಹುಮಟ್ಟಿಗೆ ಕೂಲಿಯಿಲ್ಲದ ಗುಲಾಮರು. 1799ರಲ್ಲಿ ವಾಷಿಂಗ್ಟನ್ ಬರೆದಿಟ್ಟ ಪಟ್ಟಿಯ ಪ್ರಕಾರ ಅವರ ಸಂಖ್ಯೆ 317.