ತೊಗಲಿನಲ್ಲಿ ಹಾಯ್ದ ಬೆಳಕು

ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ನಮಗೆ ನೆನಪಾಗುವುದು ಎಣ್ಣೆ, ಕಂಬಳಿ ಮತ್ತು ರೇಷ್ಮೆ ಸೀರೆ. ಮಳೆ ಕಡಿಮೆ, ಕುರಿ ಹೆಚ್ಚು ಇರುವ ಈ ಸೀಮೆಯಿಂದ ಬಳ್ಳಾರಿಯತ್ತ ಇನ್ನೊಂದು ಕಲೆಯೂ ಹರಡಿತ್ತು. ಅದು ತೊಗಲುಗೊಂಬೆಯಾಟ. ಬರ ಬಂದಾಗ, ದನಕರುಗಳಿಗೆ ರೋಗ ತಗುಲಿದಾಗ ಊರವರು ಗೊಂಬೆಯವರನ್ನು ಕರೆಸಿ ರಾತ್ರಿಯಿಡೀ ರಾಮಾಯಣ, ಮಹಾಭಾರತ ಆಡಿಸುತ್ತಿದ್ದರು. ಆಟವಾದರೆ ಮಳೆಯಾಗುತ್ತದೆ ಎಂಬುದು ಅವರ ನಂಬಿಕೆ.

ಈ ಚಿತ್ರಕಲೆಗೆ ಕಾಗದವೂ ಇಲ್ಲ, ಬಟ್ಟೆಯೂ ಇಲ್ಲ. ಮೇಕೆಯ ಹಸಿ ಚರ್ಮದ ಕೂದಲು, ಕೊಬ್ಬು ಕೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಚಪ್ಪಲಿಯ ಚರ್ಮದಂತೆ ಹದ ಮಾಡುವುದಿಲ್ಲ. ಮಾಡಿದರೆ ಬೆಳಕು ಹಾಯದು. ಆಮೇಲೆ ಚಿತ್ರ ಬರೆದು, ಉಳಿಯಿಂದ ಸಣ್ಣ ತೂತುಗಳನ್ನು ಕೊರೆದು ಬಣ್ಣ ಹಚ್ಚುತ್ತಾರೆ. ಹಿಂದಿನಿಂದ ದೀಪ ಹಿಡಿದಾಗ ಆ ತೂತುಗಳೇ ಪರದೆಯ ಮೇಲೆ ಒಡವೆಗಳಾಗಿ ಹೊಳೆಯುತ್ತವೆ. ದೇವರ ಗೊಂಬೆಗಳಿಗೆ ಜಿಂಕೆಯ ಚರ್ಮ ಬಳಸುವ ರೂಢಿಯೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಅದು ಸಾಧ್ಯವಿಲ್ಲ.

ಗೊಂಬೆಗಳಲ್ಲೂ ಸಮಾಜದ ಏಣಿಯಿದೆ. ರಾಜರು, ದೇವರು ದೊಡ್ಡವರು, ಆಳುಕಾಳುಗಳು ಸಣ್ಣವರು. ಆದರೆ ಜನ ಕಾಯುವುದು ಕಪ್ಪು ಮೈಯ ಕೋಡಂಗಿ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನಿಗಾಗಿ. ದೊಡ್ಡವರನ್ನು ಗೇಲಿ ಮಾಡುವ ಹಕ್ಕು ಅವರದು. ಆಡಿಸುವ ಅಲೆಮಾರಿ ಸಮುದಾಯಕ್ಕೂ ಅದೇ ಹೆಸರು. ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತಾಡುವ ಇವರು ಪರದೆಯ ಹಿಂದೆ ಕನ್ನಡ ಹಾಡಿದರು.

ಇಸ್ಲಾಮೀ ಜಗತ್ತಿಗೂ ಈ ನೆರಳು ಹೊಸದಲ್ಲ. 13ನೇ ಶತಮಾನದ ಕೈರೋದಲ್ಲಿ ಸೂಫಿ ಕವಿ ಇಬ್ನುಲ್ ಫಾರಿದ್ ಪರದೆಯ ನೆರಳನ್ನು ಲೋಕದ ರೂಪಕವಾಗಿ ಕಂಡರು. ಅದೇ ನಗರದಲ್ಲಿ ಕಣ್ಣಿನ ವೈದ್ಯ ಇಬ್ನ್ ದಾನಿಯಾಲ್ ನೆರಳಾಟಕ್ಕೆಂದೇ ನಾಟಕ ಬರೆದರು. 1451ರಲ್ಲಿ ಸುಲ್ತಾನ್ ಜಕ್ಮಕ್ ಗೊಂಬೆಗಳನ್ನು ಸುಡಿಸಿದ. ಆಟ ಮಾತ್ರ ಸಾಯಲಿಲ್ಲ. ತುರ್ಕಿಯಲ್ಲಿ ಒಂಟೆಯ ಚರ್ಮದ ಕರಗೋಝ್ ಇಂದಿಗೂ ಅಧಿಕಾರವನ್ನು ನಗೆಯಾಡುತ್ತಾನೆ. ಹೆಸರಿನ ಅರ್ಥ 'ಕಪ್ಪುಕಣ್ಣ'. ಜಾವಾದ ಮುಸ್ಲಿಮರು ಎಮ್ಮೆಯ ಚರ್ಮದಲ್ಲಿ ಇಂದಿಗೂ ಮಹಾಭಾರತ ಆಡಿಸುತ್ತಾರೆ.

ನಮ್ಮಲ್ಲಿ ಗೊಂಬೆಗಳನ್ನು ಯಾರೂ ಸುಡಲಿಲ್ಲ. ಸಿನಿಮಾ ಬಂತು, ಟಿ.ವಿ. ಬಂತು, ಕರೆಯುವವರು ಇಲ್ಲವಾದರು. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಹಳೆಯ ಗೊಂಬೆಗಳನ್ನು ಹುಡುಕಿ ಸಂಗ್ರಹಿಸಿ ಬೆಂಗಳೂರಿನಲ್ಲಿ ಉಳಿಸಿದರು. ಬಳ್ಳಾರಿಯ ರಂಗನಟ ಬೆಳಗಲ್ಲು ವೀರಣ್ಣ ಅದೇ ತೊಗಲಿನಲ್ಲಿ ಗಾಂಧೀಜಿಯ ಬದುಕನ್ನು ಆಡಿಸಿ ಕಲೆಗೆ ಹೊಸ ಉಸಿರು ಕೊಟ್ಟರು. 2023ರಲ್ಲಿ ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ ರಸ್ತೆ ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು.

ಸತ್ತ ಪ್ರಾಣಿಯ ಚರ್ಮವನ್ನು ಮುಟ್ಟಿದವರನ್ನು ನಮ್ಮ ಸಮಾಜ ದೂರವಿಟ್ಟಿತು. ಅದೇ ಚರ್ಮ ದೇವರ ರೂಪ ತಾಳಿದಾಗ ಕೈಮುಗಿಯಿತು. ಕುರುಬರ ಹಟ್ಟಿ, ಕಟುಕರ ಅಂಗಡಿ, ಅಲೆಮಾರಿಯ ಉಳಿ, ಗಾಣದ ಎಣ್ಣೆ ಇವೆಲ್ಲ ಸೇರದೆ ಒಂದು ರಾಮಾಯಣವೂ ಪರದೆಯ ಮೇಲೆ ನಡೆಯುತ್ತಿರಲಿಲ್ಲ. ಇಂದು ಯಾರ ಅಂಗಡಿಗೆ ಹೋಗಬೇಕು, ಯಾರ ಕೈಯದನ್ನು ಕೊಳ್ಳಬಾರದು ಎಂದು ಗೆರೆ ಎಳೆಯುವವರು ಇದನ್ನು ಒಮ್ಮೆ ಯೋಚಿಸಬೇಕು. ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಉಳಿಸಬಹುದು. ಅದರ ಹಿಂದಿನ ದೀಪ ಉರಿಯಬೇಕಾದರೆ ಊರೆಲ್ಲ ಎಣ್ಣೆ ಹಾಕಬೇಕು.