ಶ್ವಾನದ ಮಿದುಳು ಕಲಿಸಿದ ಪಾಠ

‘ಮಾತ್ರೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನಂಥ ಕನ್ನಡ ಪಂಡಿತನಿಗೆ ಛಂದಸ್ಸಿನ ಲಘು ಗುರುಗಳು ನೆನಪಾಗುತ್ತವೆ. ವೈದ್ಯನಿಗಾದರೋ ಔಷಧದ ಅಳತೆ. ನಿಯಮ ಮಾತ್ರ ಎರಡು ಕಡೆಯೂ ಒಂದೇ: ಮಾತ್ರೆ ತಪ್ಪಿದರೆ ಎಲ್ಲವೂ ಕೆಟ್ಟಿತು. ಅಂಥ ಒಂದು ಅಳತೆಯ ಕಥೆಯನ್ನು ಇಲ್ಲಿ ತಮ್ಮ ಮುಂದಿಡುತ್ತೇನೆ.

ಮಿದುಳಿನ ತೂಕ ನಮ್ಮ ಮೈತೂಕದಲ್ಲಿ ನೂರಕ್ಕೆ 2ರಷ್ಟು. ಆದರೆ ಹೃದಯ ಹೊರಚೆಲ್ಲುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ಈ ರಕ್ತದ ಹಂಚಿಕೆಯ ಗುಟ್ಟನ್ನು ಅರಿಯಲು ವಿಜ್ಞಾನಿಗಳು ಬಹುಕಾಲದಿಂದ ನಾಯಿಯ ಮೊರೆಹೊಕ್ಕಿದ್ದಾರೆ. 1890ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಎಂಬ ವಿದ್ವಾಂಸರು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಮಿದುಳಿನ ಯಾವ ಭಾಗ ದುಡಿಯುವುದೋ ಆ ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯುವುದೆಂದು ಪ್ರತಿಪಾದಿಸಿದರು. ರೈತನು ಕಾಲುವೆಯ ನೀರನ್ನು ಬೇಕಾದ ಮಡಿಗೆ ತಿರುಗಿಸುವಂತೆ ಎನ್ನಿ. ಆದರೆ ಒಂದು ತೊಡಕುಂಟು. ಕಪಾಲವು ಹಿಗ್ಗಲಾರದ ಪೆಟ್ಟಿಗೆ. ಪೆಟ್ಟು ಬಿದ್ದು ಊದಿಕೊಂಡ ಮಿದುಳಿಗೆ ರಕ್ತ ಅತಿಯಾಗಿ ನುಗ್ಗಿದರೆ ಒಳಗಿನ ಒತ್ತಡವೇರಿ ಪ್ರಾಣಕ್ಕೆ ಸಂಚಕಾರ ಬರಬಹುದು.

ಇನ್ನು ಔಷಧದ ವಿಷಯ. 1962ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಕೆಟಮೈನ್ ಎಂಬ ಅರಿವಳಿಕೆಯನ್ನು ತಯಾರಿಸಿದನು. 1964ರಲ್ಲಿ ಡೊಮಿನೊ ಮತ್ತು ಕಾರ್ಸನ್ ಎಂಬ ವೈದ್ಯರು ಅದನ್ನು ಮೊದಲ ಬಾರಿಗೆ ಮನುಷ್ಯರ ಮೇಲೆ ಪರೀಕ್ಷಿಸಿದರು. 1970ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ದೊರೆಯಿತು. ಬೇರೆ ಅರಿವಳಿಕೆಗಳಂತೆ ಅದು ಸಾಮಾನ್ಯವಾಗಿ ರಕ್ತದೊತ್ತಡವನ್ನು ಕುಗ್ಗಿಸುವುದಿಲ್ಲ, ಉಸಿರಾಟವನ್ನೂ ಅಷ್ಟಾಗಿ ತಡೆಯುವುದಿಲ್ಲ. ಆದುದರಿಂದ ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೂ ಯುದ್ಧರಂಗಕ್ಕೂ ಅದು ವರವಾಗಿ ಪರಿಣಮಿಸಿತು.

ಆದರೆ 1971ರಲ್ಲಿ ಡಾಸನ್, ಮೈಕೆನ್‌ಫೆಲ್ಡರ್ ಮತ್ತು ಥೈ ಎಂಬ ಸಂಶೋಧಕರು ನಾಯಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಮೈತೂಕದ ಕಿಲೋ ಒಂದಕ್ಕೆ 2 ಮಿಲಿಗ್ರಾಂ, ಇಷ್ಟೇ ಮಾತ್ರೆ. ಅಷ್ಟಕ್ಕೇ ಮಿದುಳಿನ ರಕ್ತಪ್ರವಾಹ ನೂರಕ್ಕೆ 80ರಷ್ಟು ಏರಿತು! ಅದು ಬಳಸುವ ಆಮ್ಲಜನಕ ಏರಿದ್ದು ನೂರಕ್ಕೆ 16ರಷ್ಟು ಮಾತ್ರ. ಅದೇ ಕಾಲದಲ್ಲಿ ಕೆಲವು ರೋಗಿಗಳ ಕಪಾಲದೊಳಗಿನ ಒತ್ತಡವೂ ಏರಿದ್ದು ಕಂಡುಬಂತು. ವೈದ್ಯಲೋಕ ಬೆಚ್ಚಿತು. ತಲೆಗೆ ಪೆಟ್ಟು ಬಿದ್ದವರಿಗೆ ಕೆಟಮೈನ್ ಸಲ್ಲದೆಂಬ ಮಾತು ಪಠ್ಯಪುಸ್ತಕಗಳಲ್ಲಿ ಶಾಸನದಂತೆ ನೆಲೆಯೂರಿತು.

ಇಲ್ಲೇ ತಾವು ಗಮನಿಸಬೇಕಾದ ಸಂಗತಿಯಿರುವುದು. ಆ ಪ್ರಯೋಗಕ್ಕೆ ಎರಡನೆಯ ಭಾಗವೂ ಇತ್ತು. ಥಯೊಪೆಂಟಾಲ್ ಎಂಬ ನಿದ್ರೌಷಧವನ್ನು ಮೊದಲೇ ಕೊಟ್ಟಿದ್ದಾಗ ರಕ್ತದ ಆ ಏರಿಕೆ ಅಡಗಿತು. ಲೋಕವು ಪೂರ್ವಾರ್ಧವನ್ನು ಕಂಠಪಾಠ ಮಾಡಿ ಉತ್ತರಾರ್ಧವನ್ನು ಬಹುಮಟ್ಟಿಗೆ ಮರೆಯಿತು.

ಮರೆತುದರ ಬೆಲೆ ಅಲ್ಪವೇ? ಗಾಯಗೊಂಡು ರಕ್ತ ಸೋರಿದವನಿಗೆ ಒತ್ತಡ ಕುಗ್ಗಿಸುವ ಔಷಧ ಕೊಟ್ಟರೆ ಮಿದುಳು ರಕ್ತವಿಲ್ಲದೆ ಸೊರಗುವ ಭಯವುಂಟು. ಅಂಥವನಿಗೆ ಒತ್ತಡವನ್ನು ಕಾಪಾಡಬಲ್ಲ ಔಷಧವೇ ನಿಷಿದ್ಧವಾಗಿತ್ತು.

1997ರಲ್ಲಿ ಫ್ರಾನ್ಸಿನ ವೈದ್ಯರು ತಲೆಗೆ ತೀವ್ರವಾಗಿ ಪೆಟ್ಟಾದ 8 ಮಂದಿಗೆ ಕೆಟಮೈನ್ ಕೊಟ್ಟು ನೋಡಿದರು. ಆ ರೋಗಿಗಳು ಪ್ರೊಪೊಫಾಲ್ ಎಂಬ ಇನ್ನೊಂದು ಔಷಧದ ಮಂಪರಿನಲ್ಲಿದ್ದರು. ಅವರ ಉಸಿರಾಟವನ್ನು ಯಂತ್ರವೇ ನಡೆಸುತ್ತಿತ್ತು. ಕಪಾಲದ ಒತ್ತಡ ಏರಲಿಲ್ಲ, ಇಳಿಯಿತು! ಉಸಿರು ಕುಗ್ಗಿದರೆ ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಉಸಿರನ್ನು ಹತೋಟಿಯಲ್ಲಿಟ್ಟರೆ ಆ ಭಯವಿಲ್ಲ. ಮುಂದಿನ ಅಧ್ಯಯನಗಳೂ ಹಳೆಯ ನಿಷೇಧವನ್ನು ಸಡಿಲಿಸಿದವು.

ಹಾಗೆಂದು ನಾಯಿಗಳ ಮೇಲಿನ ಆ ಪ್ರಯೋಗ ಸುಳ್ಳಾಯಿತೆಂದು ಭಾವಿಸಬಾರದು. 2003ರಲ್ಲಿ ಫಿನ್ಲೆಂಡಿನಲ್ಲಿ ಆರೋಗ್ಯವಂತರಿಗೆ ಅರಿವು ತಪ್ಪದಷ್ಟು ಅಲ್ಪ ಮಾತ್ರೆಯಲ್ಲಿ ಕೊಟ್ಟಾಗಲೂ ಮಿದುಳಿನ ಹಲವು ಭಾಗಗಳಲ್ಲಿ ರಕ್ತಪ್ರವಾಹ ಏರಿತು. ಅಳತೆ ನಿಜವೇ, ಅದು ಯಾವ ಸ್ಥಿತಿಯಲ್ಲಿ ನಿಜವೆಂಬುದನ್ನೂ ಜೊತೆಗೆ ಓದಬೇಕಾಗಿತ್ತು. ಪದ್ಯದ ಒಂದು ಪಾದವನ್ನು ಮಾತ್ರ ಓದಿ ಅರ್ಥ ಹೇಳುವ ಹುಡುಗರಿಗೆ ನಾನು ತರಗತಿಯಲ್ಲಿ ಹೇಳುವುದೂ ಇದನ್ನೇ.

ಇಂದು ಪಶುವೈದ್ಯರು ನಾಯಿಗಳ ಶಸ್ತ್ರಚಿಕಿತ್ಸೆಗೂ ಈ ಔಷಧವನ್ನು ಬಳಸುತ್ತಾರೆ. ಆ ಮೂಕಪ್ರಾಣಿಯಿಂದ ಪಡೆದ ವಿದ್ಯೆಯ ಒಂದಂಶವಾದರೂ ಅದಕ್ಕೆ ಮರಳಿ ಸಲ್ಲುತ್ತಿದೆ. ತಮ್ಮ ಮನೆಯವರೊಬ್ಬರಿಗೆ ಶಸ್ತ್ರಚಿಕಿತ್ಸೆ ನಡೆಯುವ ಮುನ್ನ ವೈದ್ಯರು ತೂಕವೆಷ್ಟು, ಮೊದಲೇ ಯಾವ ಔಷಧ ತೆಗೆದುಕೊಂಡಿದ್ದಾರೆ ಎಂದು ಎರಡೆರಡು ಬಾರಿ ಕೇಳಿದರೆ ದಯವಿಟ್ಟು ಬೇಸರಪಡಬೇಡಿ. ಸಾವಧಾನವಾಗಿ ಉತ್ತರ ಹೇಳಿರಿ.